ರೆಡ್‌ಸ್ಟೋನಿನ ಹಕ್ಕಿ ಹಾಡುವುದಿಲ್ಲ

ನಮ್ಮೂರು ರೆಡ್‌ಸ್ಟೋನಿನ ಅರೋರಾ ಚಿತ್ರಮಂದಿರಕ್ಕೆ ಫೋನು ಮಾಡಿದರೆ ಮನುಷ್ಯರು ಎತ್ತುವುದಿಲ್ಲ. ಒಂದು ಯಂತ್ರ ಎತ್ತುತ್ತದೆ, ಅದರೊಳಗಿಂದ ಐಲಾ ಕೊಸ್ಕೆಲಾ ಮಾತಾಡುತ್ತಾಳೆ. ಯಾವ ಸಿನಿಮಾ, ಎಷ್ಟು ಗಂಟೆಗೆ, ಟಿಕೆಟ್ ಎಷ್ಟು ಎಂದು ಹೇಳಿ ಸುಮ್ಮನಾಗುವುದು ಬೇರೆ ಊರುಗಳ ಪದ್ಧತಿ. ಐಲಾ ಅಲ್ಲಿಗೆ ನಿಲ್ಲಿಸುವವಳಲ್ಲ. ಯಂತ್ರ ಕೊಡುವುದು ತೊಂಬತ್ತು ಸೆಕೆಂಡ್. ಹನ್ನೊಂದು ಸೆಕೆಂಡಿನಲ್ಲಿ ವೇಳೆ ಮತ್ತು ದರ ಮುಗಿಸಿ, ಉಳಿದದ್ದರಲ್ಲಿ ಸಿನಿಮಾದ ಗುಣವನ್ನೂ ದೋಷವನ್ನೂ ಹೇಳಿಬಿಡುತ್ತಾಳೆ. ಕೊನೆಗೆ ರಸ್ತೆಯ ಮೇಲೆ ಹಿಮ ಎಷ್ಟಿದೆ ಎಂಬ ಎಚ್ಚರಿಕೆ.

"ಕಥಾನಾಯಕಿ ಚೆನ್ನಾಗಿ ಅಳ್ತಾಳೆ. ಆದ್ರೆ ಏಳು ಸಲ ಅಳ್ತಾಳೆ, ನಾಲ್ಕು ಸಾಕಿತ್ತು. ಕರವಸ್ತ್ರ ನಾಲ್ಕಕ್ಕೆ ಆಗೋಷ್ಟು ತನ್ನಿ," ಎಂದು ಒಮ್ಮೆ ಹೇಳಿದ್ದಳು. ಚಿತ್ರಮಂದಿರದ ಸಮಿತಿಯವರು ಸಿಟ್ಟಾಗಿ, ನಮ್ಮ ಸರಕನ್ನು ನಾವೇ ಬೈದುಕೊಂಡರೆ ಯಾರು ಬರುತ್ತಾರೆ ಎಂದು ಕೇಳಿದರು. ಐಲಾ ಟಿಕೆಟ್ ಕತ್ತರಿಸುತ್ತಲೇ ಉತ್ತರ ಕೊಟ್ಟಳು. "ಹೊಗಳ್ದೆ ಬರೀ ಬೈದ್ರೆ ಅದು ಹೊಟ್ಟೆಕಿಚ್ಚು. ಬೈಯ್ದೆ ಬರೀ ಹೊಗಳಿದ್ರೆ ಜಾಹೀರಾತು. ಎರಡೂ ನನ್ನ ಕೈಲಾಗಲ್ಲ." ಆ ವಾರ ಹಾಲ್ ತುಂಬಿತು. ಅಳು ಎಣಿಸಲೆಂದೇ ಜನ ಬಂದಿದ್ದರು.

ನಾನು ಪೆನ್‌ಹೇಲ್, ಅಲ್ಲಿಯೇ ನಲವತ್ತೆರಡು ವರ್ಷದಿಂದ ಪ್ರೊಜೆಕ್ಟರ್ ಓಡಿಸುವವನು. ಐಲಾಳನ್ನು ನಾನು ಹೊಗಳಿದರೆ ಅವಳಿಗೆ ಆಗುವುದಿಲ್ಲ, ಅದಕ್ಕೇ ಅವಳಿಗೆ ಕಾಣದಂತೆ ಬರೆಯುತ್ತಿದ್ದೇನೆ. ಅರಿಜೋನಾಕ್ಕೆ ಮನೆ ಬದಲಿಸಿದ ನಮ್ಮೂರಿನವನೊಬ್ಬ ಈಗಲೂ ಪ್ರತಿ ಗುರುವಾರ ಅಷ್ಟು ದೂರದಿಂದ ಫೋನು ಮಾಡಿ ಆ ತೊಂಬತ್ತು ಸೆಕೆಂಡ್ ಕೇಳುತ್ತಾನೆ. ಅವನಿಗೆ ಸಿನಿಮಾ ಬೇಡ, ರಸ್ತೆ ಬೇಡ. ಸುಳ್ಳು ಹೇಳದ ಒಂದು ಧ್ವನಿ ಬೇಕು, ಅಷ್ಟೆ.

ಆ ಧ್ವನಿ ಕೇಳದವಳು ಊರಿಗೆಲ್ಲ ಒಬ್ಬಳೇ, ಸಿಲ್ವಿ ಲಹ್ತಿ. ಎರಡನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಈಗ ಐವತ್ತು ದಾಟಿದ್ದಾಳೆ, ಕುರ್ಚಿ ಸೋಫಾಗಳಿಗೆ ಬಟ್ಟೆ ಹೊದಿಸುವ ಕೆಲಸ. ನಮ್ಮ ಹಾಲಿನ ಇನ್ನೂರ ಹನ್ನೆರಡು ಕುರ್ಚಿಗಳಿಗೂ ಬಟ್ಟೆ ಹೊಲಿದವಳು ಅವಳೇ. ಅವಳಿಗೋಸ್ಕರ ಐಲಾ ಪ್ರತಿ ಗುರುವಾರ ಅದೇ ವಿಮರ್ಶೆಯನ್ನು ಒಂದು ರಟ್ಟಿನ ಚೀಟಿಯ ಮೇಲೆ ಬರೆದು, ತನ್ನ ಟಿಕೆಟ್ ಕತ್ತರಿಯಿಂದಲೇ ಅಂಚು ಕತ್ತರಿಸಿ, ಅವಳ ಅಂಗಡಿಯ ಬಾಗಿಲ ಕೆಳಗೆ ತೂರಿಸಿ ಬರುತ್ತಾಳೆ. ಭಾನುವಾರ ಎರಡು ಗಂಟೆಯ ಆಟಕ್ಕೆ ಪರದೆಯ ಕೆಳಗೆ ಮಾತುಗಳು ಅಕ್ಷರದಲ್ಲಿ ಬರಲೇಬೇಕು ಎಂದು ಸಮಿತಿಯ ಜೊತೆ ಜಗಳ ಆಡಿ ಗೆದ್ದವಳೂ ಅವಳೇ. ಇಂಥ ಐಲಾ ಕಳೆದ ಮಾರ್ಚಿನಲ್ಲಿ ಒಂದು ಗುರುವಾರ ಚೀಟಿ ಬರೆಯಲಿಲ್ಲ. ಅದಕ್ಕೆ ಕಾರಣ ಒಂದು ಹಕ್ಕಿ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಚಿತ್ರಮಂದಿರದ ಮುಂಗಟ್ಟಿನಲ್ಲಿ, ಪಾಪ್‌ಕಾರ್ನ್ ಡಬ್ಬದ ಪಕ್ಕ, ಒಂದು ವಿಡಿಯೋ ಗೇಮಿನ ಯಂತ್ರ ಬಂದು ನಿಂತಿತು. ಗೇಮಿನ ಹೆಸರು 'ಕ್ಯಾನರಿ'. ಒಬ್ಬ ಪುಟ್ಟ ಗಣಿಗಾರ, ಹಣೆಯ ಮೇಲೆ ದೀಪ, ಕೈಯಲ್ಲಿ ಪಂಜರ, ಪಂಜರದಲ್ಲಿ ಹಳದಿ ಹಕ್ಕಿ. ಅವನನ್ನು ಆಡಿಸುವುದಕ್ಕೆ ಯಂತ್ರದ ಮೇಲೆ ಒಂದೇ ಕೋಲು. ಗಣಿಗಾರ ಇಳಿಯುತ್ತ ಹೋಗಬೇಕು. ಹಕ್ಕಿ ಹಾಡುವವರೆಗೂ ಗಾಳಿ ಒಳ್ಳೆಯದು. ಹಾಡು ನಿಂತರೆ ವಿಷಗಾಳಿ ಬಂತೆಂದು ಅರ್ಥ, ತಕ್ಷಣ ಮೂರು ಹೆಜ್ಜೆ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಸಾವು. ಅಜ್ಜ ಮುತ್ತಜ್ಜರೆಲ್ಲ ತಾಮ್ರದ ಗಣಿಗೆ ಇಳಿದ ಊರು ನಮ್ಮದು. ಮಕ್ಕಳು ಮುಗಿಬಿದ್ದರು.

ಹತ್ತು ವರ್ಷದ ಸಿಲ್ವಿಯೂ ಹಾಲಿನ ಬಾಟಲಿಗಳ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಆಡುತ್ತಿದ್ದಳು. ಆಟದ ಎರಡನೇ ಹಂತದಲ್ಲೇ ಸಾಯುತ್ತಿದ್ದಳು. ಮತ್ತೆ ಆಡುವಳು, ಮತ್ತೆ ಸಾಯುವಳು. ಹಿಂದೆ ನಿಂತ ಹುಡುಗರು ಅವಳಿಗೆ ಕಾಣುವಂತೆ ಬಾಯಿ ಅಗಲಿಸಿ, "ಹಾಡು ನಿಂತಿದ್ದು ಕೇಳ್ಸ್ಲಿಲ್ವಾ?" ಎಂದು ಗೇಲಿ ಮಾಡುವರು. ಐಲಾಗೆ ಆಗ ಇಪ್ಪತ್ತೇಳು. ಯಂತ್ರ ಬಂದು ಮೂರು ವಾರವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನನ್ನ ಕೈಗೆ ಟಾರ್ಚ್ ಕೊಟ್ಟಳು. ಯಂತ್ರದ ಬೆನ್ನಿನ ಹಲಗೆ ಬಿಚ್ಚಿದಳು. ಟಿಕೆಟ್ ಕತ್ತರಿಯಿಂದ ಸ್ಪೀಕರಿನ ತಂತಿಯನ್ನು ಕಚಕ್ ಎಂದು ಕತ್ತರಿಸಿದಳು.

"ಬಾಯ್ಬಿಟ್ರೆ ನಿನ್ನ ನಾಲಿಗೇನೂ ಹೀಗೇ," ಎಂದಳು.

"ಯಾಕೆ ಮಾರಾಯ್ತಿ?"

"ಅವಳಿಗೆ ಕೇಳ್ದೇ ಇರೋದು ಯಾರಿಗೂ ಕೇಳೋದು ಬೇಡ. ಈಗ ಆಡ್ಲಿ ನೋಡೋಣ."

'ಸ್ಪೀಕರ್ ಕೆಟ್ಟಿದೆ' ಎಂದು ಕಾಗದ ಅಂಟಿಸಿದಳು. ರಿಪೇರಿಯವನು ವರ್ಷಕ್ಕೊಮ್ಮೆ ಬಂದಾಗಲೆಲ್ಲ ಅವನ ಕೈಗೆ ಮಾಂಸದ ಹೂರಣದ ಬಿಸಿ ಪ್ಯಾಸ್ಟಿ ಕಡುಬು ಇಟ್ಟು, ಹೊಟ್ಟೆ ತುಂಬಿಸಿ, ಯಂತ್ರದ ಹತ್ತಿರ ಸುಳಿಯಲೂ ಬಿಡದೆ ಸಾಗಹಾಕುತ್ತಿದ್ದಳು. ಊರಿನ ಮಕ್ಕಳೆಲ್ಲ ಒಂದು ತಿಂಗಳು ನೊಣಗಳಂತೆ ಸತ್ತರು. ಆಮೇಲೆ ಸಿಲ್ವಿಯೇ ಕಂಡುಹಿಡಿದಳು: ವಿಷಗಾಳಿ ಬರುವ ಮೊದಲು ಹಕ್ಕಿಯ ಬಾಲ ಒಂದು ಚುಕ್ಕಿಯಷ್ಟು ತಗ್ಗುತ್ತದೆ. ಒಂದೇ ಒಂದು ಚುಕ್ಕಿ. ವಸಂತದ ಹೊತ್ತಿಗೆ ಯಂತ್ರ ತೋರಿಸುವ ಅಂಕಗಳ ಪಟ್ಟಿಯ ತುದಿಯಲ್ಲಿ ಅವಳ ಹೆಸರಿನ ಮೂರು ಅಕ್ಷರ ಕೂತವು. ಏಳು ವರ್ಷ ಅವನ್ನು ಯಾರೂ ಕದಲಿಸಲಿಲ್ಲ. ಗೇಲಿ ಮಾಡಿದ ಹುಡುಗರೇ ಬಂದು, "ಬಾಲ ಹೇಗೆ ನೋಡೋದು, ಹೇಳ್ಕೊಡೇ," ಎಂದು ಅವಳ ಹಿಂದೆ ಸಾಲು ನಿಂತರು.

ಹಕ್ಕಿ ಮೂರು ವಾರ ಹಾಡಿದ್ದನ್ನು ಊರು ಮರೆಯಿತು. ಮರೆಯುವುದರಲ್ಲಿ ನಮ್ಮೂರಿಗೆ ಸಾಟಿಯಿಲ್ಲ. 'ಬಾಲ ತಗ್ಗಿದರೆ ಮೂರು ಹೆಜ್ಜೆ ಹಿಂದೆ' ಎಂಬುದು ಇಲ್ಲಿ ಗಾದೆಯೇ ಆಗಿಹೋಯಿತು. ಹೆಂಡತಿ ಸಿಟ್ಟಾದಾಗಲೂ ಹೇಳುತ್ತಾರೆ, ಹಿಮದ ಮೇಲೆ ಕಾರು ಜಾರಿದಾಗಲೂ ಹೇಳುತ್ತಾರೆ. ಬೇರೆ ಊರಿಗೆ ಹೋದ ಹುಡುಗರು ಅಲ್ಲಿನ ಯಂತ್ರದಲ್ಲಿ ಹಕ್ಕಿ ಹಾಡುವುದನ್ನು ಕೇಳಿ, ಆ ಯಂತ್ರವೇ ಕೆಟ್ಟಿದೆ ಎಂದು ದೂರು ಕೊಟ್ಟು ಬಂದದ್ದುಂಟು. ಕೊನೆಗೆ ಯಂತ್ರ ಮೆಟ್ಟಿಲ ಕೆಳಗಿನ ಕೋಣೆ ಸೇರಿತು. ಗುಟ್ಟು ನನ್ನಲ್ಲೂ ಐಲಾಳಲ್ಲೂ ಉಳಿಯಿತು.

ಈಗ ಆ ಗೇಮನ್ನು ಯಾರೋ ಸಿನಿಮಾ ಮಾಡಿದರು.

ಬುಧವಾರ ಮಧ್ಯಾಹ್ನ ಖಾಲಿ ಹಾಲಿನಲ್ಲಿ ನಾವಿಬ್ಬರೇ ಕೂತು ನೋಡಿದೆವು. ಇಂಥ ಸಿನಿಮಾಗಳ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಕೋಲು ಹಿಡಿದು ನಾವೇ ಸಾಯುವ ಆಟವನ್ನು ಕೈ ಕಟ್ಟಿ ಕೂತು ನೋಡುವುದೆಂದರೆ ಇನ್ನೊಬ್ಬರು ಪ್ಯಾಸ್ಟಿ ತಿನ್ನುವುದನ್ನು ನೋಡಿದ ಹಾಗೆ. ಆದರೆ ಹತ್ತು ನಿಮಿಷದಲ್ಲಿ ನಾನು ಮುಂದಕ್ಕೆ ಬಾಗಿದ್ದೆ. ಗಣಿಗಾರನಿಗೆ ಗೇಮಿನಲ್ಲಿ ಹೆಸರಿಲ್ಲ, ಸಿನಿಮಾದಲ್ಲೂ ಇಡಲಿಲ್ಲ. ಬೆಳಕು ಅಂದರೆ ಅವನ ಹಣೆಯ ದೀಪ ಬಿದ್ದಷ್ಟೇ. ಅದರಾಚೆ ಏನಿದೆಯೆಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ನಟ ನಡೆಯುವಾಗ ಮೊಣಕಾಲು ಸ್ವಲ್ಪ ತಡೆದು ತಡೆದು ಎತ್ತುತ್ತಾನೆ, ಹಳೆಯ ಯಂತ್ರದ ಬೊಂಬೆಯ ಹಾಗೆಯೇ, ಆದರೂ ನಗು ಬರುವುದಿಲ್ಲ. ದಣಿದ ಮನುಷ್ಯ ಹಾಗೆಯೇ ನಡೆಯುತ್ತಾನೆ. ನನ್ನ ಅಪ್ಪ ನಡೆಯುತ್ತಿದ್ದ.

"ಇದನ್ನ ಮಾಡಿದವ್ರು ಆಟ ಆಡಿದಾರೆ ಕಣೋ," ಐಲಾ ಪಿಸುಗುಟ್ಟಿದಳು. "ಬರೀ ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಮಾಡಿಲ್ಲ."

ದೋಷವೂ ಇತ್ತು. ಮೀಸೆ ತಿರುವುವ ಒಬ್ಬ ಗಣಿ ಮಾಲೀಕನನ್ನು ವಿನಾಕಾರಣ ತುರುಕಿದ್ದರು. ವಿಷಗಾಳಿಯೇ ಶತ್ರುವಾಗಿರುವಾಗ ಮೀಸೆ ಯಾಕೆ? ನಡುವೆ ಒಂದು ಮದುವೆ ಮಾತುಕತೆ, ಅದು ಮುಗಿಯುವಷ್ಟರಲ್ಲಿ ನಾನು ಒಂದು ಚೀಲ ಪಾಪ್‌ಕಾರ್ನ್ ಮುಗಿಸಿದ್ದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಗೇಮಿನಲ್ಲಿ ನೂರು ಸಲ ಸತ್ತು ನೂರ ಒಂದನೇ ಸಲಕ್ಕೆ ಕಲಿಯುತ್ತೇವೆ. ಸಿನಿಮಾದ ಗಣಿಗಾರ ಮೊದಲ ಸಲಕ್ಕೇ ಜಾಣ. ಸೋತು ಕಲಿಯುವ ಆ ಮೊಂಡುತನ ಪರದೆಯ ಮೇಲೆ ಎಲ್ಲೂ ಬರಲಿಲ್ಲ.

ಆಮೇಲೆ ಆ ದೃಶ್ಯ ಬಂತು. ದೀಪ ಆರಿಹೋಗುತ್ತದೆ. ಪರದೆ ಪೂರ್ತಿ ಕಪ್ಪು. ಎರಡು ನಿಮಿಷ ಕಾಣುವುದಕ್ಕೆ ಏನೇನೂ ಇಲ್ಲ, ಹಕ್ಕಿಯ ಹಾಡೊಂದೇ. ಹಾಡು ತಡವರಿಸುತ್ತದೆ, ನಿಲ್ಲುತ್ತದೆ, ಗಣಿಗಾರನ ಬೂಟು ಮೂರು ಸಲ ಸಪ್ಪಳ ಮಾಡುತ್ತದೆ, ಹಾಡು ಮತ್ತೆ ಶುರುವಾಗುತ್ತದೆ. ಅಂಥ ಧೈರ್ಯದ ದೃಶ್ಯವನ್ನು ನಾನು ಈಚೆಗೆ ಕಂಡಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಐಲಾ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

"ಹಕ್ಕಿ ಹಾಡ್ತು," ಎಂದಳು. "ಭಾನುವಾರ ಸಿಲ್ವಿ ಬರ್ತಾಳೆ. 'ಹಕ್ಕಿ ಹಾಡುತ್ತಿದೆ' ಅಂತ ಅಕ್ಷರ ಬರುತ್ತೆ. ನಮ್ಮ ಯಂತ್ರ ಮಾತ್ರ ಯಾಕೆ ಮೂಕಾಯ್ತು ಅಂತ ಯೋಚಿಸ್ತಾಳೆ, ಅವಳಿಗೆ ಎಲ್ಲಾ ಗೊತ್ತಾಗೋಗುತ್ತೆ."

"ಗೊತ್ತಾದ್ರೆ ಏನೀಗ?"

"ಅವಳು ಗೆದ್ದಿದ್ದು ಒಂದೇ ಕಣೋ ಈ ಊರಲ್ಲಿ. ಅದೂ ನಾನು ಅಯ್ಯೋ ಪಾಪ ಅಂತ ಕೊಟ್ಟಿದ್ದು ಅಂತ ಗೊತ್ತಾದ್ರೆ?"

ನಾನು ಪಾಪ್‌ಕಾರ್ನಿನ ಖಾಲಿ ಚೀಲ ಮಡಚಿದೆ.

ಗುರುವಾರ ನಾನೇ ಮನೆಯಿಂದ ಫೋನು ಮಾಡಿ ಕೇಳಿದೆ. ದೀಪದ ಬೆಳಕನ್ನು ಹೊಗಳಿದ್ದಳು, ನಡಿಗೆಯನ್ನು ಹೊಗಳಿದ್ದಳು, ಮೀಸೆಯನ್ನು ಬೈದಿದ್ದಳು. ಹಕ್ಕಿಯ ಸುದ್ದಿಯೇ ಇಲ್ಲ. ಎಪ್ಪತ್ತೊಂದು ಸೆಕೆಂಡಿಗೆ ಮಾತು ಮುಗಿಯಿತು. ಉಳಿದ ಹತ್ತೊಂಬತ್ತು ಸೆಕೆಂಡ್ ಬರೀ ಅವಳ ಉಸಿರು. ರಸ್ತೆಯ ಹಿಮವನ್ನೂ ಹೇಳಲಿಲ್ಲ. ಅಂದೇ ಚೀಟಿಯೂ ತಪ್ಪಿತು.

ಶುಕ್ರವಾರ, ಶನಿವಾರ ಸಿನಿಮಾ ನೋಡಿದ ಊರು ಕೆರಳಿತು. ಮೀಸೆಯಿಂದ ಯಾರಿಗೂ ಬೇಜಾರಾಗಲಿಲ್ಲ, ಮದುವೆ ಮಾತುಕತೆಯಿಂದಲೂ ಇಲ್ಲ. "ಹಕ್ಕಿ ಕೈಲಿ ಹಾಡಿಸ್ಬಿಟ್ಟಿದಾರಲ್ಲ!" ಎಂದು ಮುಂಗಟ್ಟಿನಲ್ಲಿ ಗಲಾಟೆ. ತೊಂಬತ್ತರ ಹತ್ತಿರದ ಉನೋ, ನಿಜವಾಗಿ ಗಣಿಯಲ್ಲಿ ದುಡಿದವನು, ಕೋಲನ್ನು ನೆಲಕ್ಕೆ ಕುಟ್ಟಿದ. "ಕೆಲಸದ ಹೊತ್ತಲ್ಲಿ ಹಾಡ್ತಾ ಕೂತಿದ್ರೆ ನಮ್ಮ ಮೇಸ್ತ್ರಿ ಬಿಡ್ತಿದ್ನಾ? ಗೇಮಲ್ಲಿ ಎಲ್ಲಿ ಹಾಡ್ತಿತ್ತು ಅದು? ಐಲಾ, ಇದನ್ನ ಫೋನಲ್ಲಿ ಹೇಳ್ಬೇಕು ನೀನು. ಇದೇ ದೊಡ್ಡ ದೋಷ ಅಂತ ಹೇಳು!"

ಹೌದೆಂದು ಹೇಳಿದರೆ ಸುಳ್ಳು. ಆ ಫೋನಿನಲ್ಲಿ ಅವಳು ಒಂದು ದಿನವೂ ಸುಳ್ಳು ಹೇಳಿದವಳಲ್ಲ. ಅಲ್ಲವೆಂದು ಹೇಳಿದರೆ ಸಿಲ್ವಿಯ ಕಿರೀಟ ಬೀದಿಗೆ ಬರುತ್ತದೆ. ಐಲಾ ಉನೋನ ಕೈಗೆ ಚಿಲ್ಲರೆ ಕೊಟ್ಟು, "ನೋಡೋಣ," ಎಂದಳು. ಆಮೇಲೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದಳು.

"ನಾಳೆ ಅಕ್ಷರ ಹಾಕ್ಬೇಡ ಪೆನ್‌ಹೇಲ್. ಕೆಟ್ಟೋಗಿದೆ ಅಂದ್ಬಿಡೋಣ."

ನನಗೆ ನಿಜಕ್ಕೂ ಸಿಟ್ಟು ಬಂತು. "ಒಂದು ಸಲ ತಂತಿ ಕತ್ತರಿಸಿದ್ದು ಸಾಲ್ದಾ? ಈಗ ಇದಕ್ಕೂ ಕತ್ತರಿ ಹಾಕ್ತೀಯಾ? ನಾನಂತೂ ಟಾರ್ಚ್ ಹಿಡಿಯಲ್ಲ ಈ ಸಲ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. "ಹಾಕು," ಎಂದಳು. "ಹಾಕು ಅಕ್ಷರ. ನನಗೆ ಬುದ್ಧಿ ಇಲ್ಲ."

ಭಾನುವಾರ ಒಂದೂಮುಕ್ಕಾಲಿಗೆ ಸಿಲ್ವಿ ಬೂಟಿನ ಹಿಮ ಒದರುತ್ತ ಒಳಗೆ ಬಂದಳು. ಸೀದಾ ಟಿಕೆಟ್ ಕಿಟಕಿಗೆ ಹೋಗಿ ಬರಿಗೈ ಚಾಚಿದಳು. ಅವಳ ಮಾತು ಹೊರಗಿನವರಿಗೆ ಕೊಂಚ ತೊಡಕು, ನಮಗೆ ರೂಢಿ.

"ಚೀಟಿ ಎಲ್ಲಿ?"

ಐಲಾ ತಲೆ ತಗ್ಗಿಸಿ ಏನೋ ಗೊಣಗಿದಳು.

"ತುಟಿ ಕಾಣ್ಸೋ ಹಾಗೆ ಮಾತಾಡು ಮುದುಕಿ. ಕೆಟ್ಟ ಸಿನಿಮಾನಾ?"

"ಅಲ್ಲ. ಒಳ್ಳೇದು. ನಾನೂ ಬರ್ತೀನಿ ಜೊತೆಗೆ," ಎಂದು ಐಲಾ ಕಿಟಕಿ ಮುಚ್ಚಿದಳು. ಅಷ್ಟು ವರ್ಷದಲ್ಲಿ ಆಟದ ಹೊತ್ತಿನಲ್ಲಿ ಆ ಕಿಟಕಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಸಿಲ್ವಿ ಯಾವಾಗಲೂ ಕೂರುವುದು ನಾಲ್ಕನೇ ಸಾಲಿನ ಆರನೇ ಕುರ್ಚಿಯಲ್ಲಿ. ನಾನು ಮೇಲಿನ ಕಿಂಡಿಯಿಂದ ಸಿನಿಮಾ ಬಿಟ್ಟು ಅವರಿಬ್ಬರ ತಲೆಗಳನ್ನೇ ನೋಡುತ್ತಿದ್ದೆ. 'ಹಕ್ಕಿ ಹಾಡುತ್ತಿದೆ' ಎಂದು ಮೊದಲ ಸಲ ಅಕ್ಷರ ಬಂದಾಗ ಐಲಾಳ ತಲೆ ಕೆಳಗಾಯಿತು, ಸಿಲ್ವಿಯ ತಲೆ ಅಲುಗಲಿಲ್ಲ. ಕತ್ತಲೆಯ ದೃಶ್ಯ ಬಂದಾಗ ಎರಡು ನಿಮಿಷ ನನಗೂ ಏನೂ ಕಾಣಲಿಲ್ಲ. ಬೆಳಕು ಮರಳಿದಾಗ ನೋಡಿದರೆ ಸಿಲ್ವಿ ಬೂಟು ಸಾಕ್ಸು ಎರಡನ್ನೂ ಕಳಚಿ, ಬರಿಗಾಲನ್ನು ಹಲಗೆ ನೆಲಕ್ಕೆ ಒತ್ತಿ, ಅಂಗೈಗಳನ್ನು ಕುರ್ಚಿಯ ತೋಳುಗಳ ಮೇಲೆ ಊರಿ ಕೂತಿದ್ದಳು.

ಆಟ ಮುಗಿದು ಜನ ಹೋದ ಮೇಲೆ ನಾನು ಕೆಳಗೆ ಇಳಿದೆ. ಮುಂಗಟ್ಟಿನಲ್ಲಿ ಐಲಾ, ಇನ್ನೂ ಬರಿಗಾಲಿನಲ್ಲೇ ಇದ್ದ ಸಿಲ್ವಿಗೆ ಎದುರಾಗಿ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿದ್ದಳು.

"ಗೇಮಲ್ಲಿ ಹಕ್ಕಿ ಹಾಡ್ತಿತ್ತು ಸಿಲ್ವಿ. ನಾನೇ ತಂತಿ ಕತ್ತರಿಸಿದ್ದು."

"ಗೊತ್ತು," ಎಂದಳು ಸಿಲ್ವಿ.

"ಏನ್ ಗೊತ್ತು?"

"ಮೊದಲ ಎರಡು ವಾರ ಬರೀ ಸತ್ತೆ. ಮೂರನೇ ವಾರ ಎಡಗೈಯನ್ನ ಯಂತ್ರದ ಪಕ್ಕದ ಹಲಗೆ ಮೇಲಿಟ್ಟೆ. ಹಕ್ಕಿ ಅಲ್ಲಿ ಸಿಕ್ತು. ಅಂಗೈಯಲ್ಲಿ ಕಚಗುಳಿ ಇಟ್ಟ ಹಾಗೆ. ಶನಿವಾರ ಬಂದು ಎಲ್ಲಾರ್ನೂ ಮಣ್ಣು ಮುಕ್ಕಿಸ್ಬೇಕು ಅಂತಿದ್ದೆ. ಬಂದು ಕೈ ಇಟ್ಟೆ. ಹಲಗೆ ಸತ್ತಿತ್ತು."

ಐಲಾ ಪಾಪ್‌ಕಾರ್ನ್ ಡಬ್ಬಕ್ಕೆ ಒರಗಿದಳು.

"ಜೋರಾಗಿ ಒತ್ತಿ ನಾನೇ ಕೆಡಿಸ್ದೆ ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಹದಿನಾಲ್ಕು ವರ್ಷ ಆದ್ಮೇಲೆ, ಇಲ್ಲಿ ಕುರ್ಚಿ ಹೊಲಿಯಕ್ಕೆ ಬಂದಾಗ, ಮೆಟ್ಟಿಲ ಕೆಳಗೆ ಹೋಗಿ ಹಿಂದಿನ ಹಲಗೆ ಬಿಚ್ಚಿ ನೋಡ್ದೆ. ತಂತಿ ತುದೀಲಿ ಒಂದು ಕಚ್ಚು ಇತ್ತು. ನಿನ್ನ ಕತ್ತರಿ ಅಲಗು ಒಂದು ಕಡೆ ಮುಕ್ಕಾಗಿದೆಯಲ್ಲ, ಅದೇ ಕಚ್ಚು. ನೀನು ಕೊಟ್ಟ ಪ್ರತಿ ಚೀಟಿ ಅಂಚಲ್ಲೂ ಅದಿದೆ. ದಿನಾ ಬಟ್ಟೆ ಕತ್ತರಿಸೋಳು ನಾನು, ನನಗೆ ಗೊತ್ತಾಗಲ್ವಾ?"

"ಹದಿನಾಲ್ಕು ವರ್ಷ ನಿನ್ನದೇ ತಪ್ಪು ಅಂದ್ಕೊಂಡಿದ್ಯಾ," ಎಂದಳು ಐಲಾ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ನಿನಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೇ. ಗೆಲ್ಲಿಸ್ಬೇಕು ಅಂತ."

"ಗೆಲ್ಲಿಸ್ಲಿಲ್ಲ ನೀನು." ಸಿಲ್ವಿ ಅವಳ ಗಲ್ಲ ಹಿಡಿದು ಮುಖ ಎತ್ತಿದಳು, ತುಟಿ ಕಾಣಲೆಂದೋ ಇನ್ನೇತಕ್ಕೋ. "ನನಗೆ ಸಿಕ್ಕಿದ್ದ ಹಕ್ಕೀನ ಕಿತ್ಕೊಂಡೆ. ಕಿತ್ಕೊಂಡ ಮೇಲೂ ನಾನು ಗೆದ್ದೆ. ಬಾಲ ನೋಡ್ಕೊಂಡು. ಅದು ಪೂರ್ತಿ ನಂದೇ, ಗೊತ್ತಾಯ್ತಾ? ನಿನ್ನ ಪಾಲು ಅದರಲ್ಲಿ ಒಂದು ಚುಕ್ಕಿನೂ ಇಲ್ಲ."

ಐಲಾ ಅಳುತ್ತಲೇ ನಕ್ಕಳು. ನಾನು ಮೂಗು ಒರೆಸಿಕೊಂಡೆ, ಚಳಿಗೆ ಎಂದು ಹೇಳಬಹುದಿತ್ತು, ಹೇಳಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?" ಎಂದು ನಾನು ಕೇಳಿದೆ.

"ಹೇಳಿದ್ರೆ ನಾಚ್ಕೊಂಡು ಚೀಟಿ ನಿಲ್ಲಿಸಿಬಿಟ್ರೆ? ಇವಳ ಬೈಗುಳ ಇಲ್ದೆ ನನ್ನ ಗುರುವಾರ ಹೇಗೆ ಕಳೀಲಿ?" ಎಂದು ಸಿಲ್ವಿ ಕೌಂಟರಿನ ಮೇಲಿದ್ದ ರಟ್ಟು ಎಳೆದುಕೊಂಡಳು. "ಈ ವಾರದ್ದು ನಾನು ಬರೀತೀನಿ. ನೀನು ಓದು."

ನಿಂತಲ್ಲೇ ಬರೆದಳು. ಐಲಾ ಗುರುವಾರದ ಮಾತನ್ನು ಅಳಿಸಿ, ಯಂತ್ರದ ಮುಂದೆ ಕೂತು ಓದಿದಳು:

"ದೋಷ: ಗಣಿಗಾರ ಒಂದು ಸಲವೂ ಸೋಲುವುದಿಲ್ಲ, ಆದ್ದರಿಂದ ಏನನ್ನೂ ಕಲಿಯುವುದಿಲ್ಲ. ಮೀಸೆಯವನನ್ನು ಕತ್ತರಿಸಿ ಎಸೆಯಬಹುದಿತ್ತು. ಹಕ್ಕಿಯ ಬಾಲವನ್ನು ಯಾರೂ ನೋಡುವುದಿಲ್ಲ, ಇದು ಕ್ಷಮಿಸಲಾಗದ್ದು. ಗುಣ: ಕತ್ತಲಾದಾಗ ಈ ಸಿನಿಮಾ ಕಣ್ಣನ್ನು ನಂಬದೆ ಹಕ್ಕಿಯನ್ನು ನಂಬುತ್ತದೆ. ನಾಲ್ಕನೇ ಸಾಲಿನ ಆರನೇ ಕುರ್ಚಿಯ ಕೆಳಗೆ ನೆಲ ಟೊಳ್ಳು. ಬೂಟು ಕಳಚಿ ಕೂತರೆ ಹಕ್ಕಿ ಕಾಲಿಗೆ ಸಿಗುತ್ತದೆ. ತಪ್ಪದೆ ನೋಡಿ. ಹೀಗೆನ್ನುತ್ತಾಳೆ ಸಿಲ್ವಿ ಲಹ್ತಿ."

ಅಲ್ಲಿಗೆ ಚೀಟಿ ಮುಗಿದಿತ್ತು. ಐಲಾ ಯಂತ್ರ ನಿಲ್ಲಿಸಲಿಲ್ಲ. ಒಂದಿಷ್ಟು ಹೊತ್ತು ಮಾತಿಲ್ಲದೆ ಕೂತು, ಆಮೇಲೆ ತನ್ನದೇ ಮಾತಿನಲ್ಲಿ ಹೇಳಿದಳು. "ಗೇಮಿನಲ್ಲಿ ಹಕ್ಕಿ ಹಾಡ್ತಿತ್ತು. ರೆಡ್‌ಸ್ಟೋನಿನ ಯಂತ್ರದ ತಂತಿ ಕತ್ತರಿಸಿದ್ದು ನಾನು, ಐಲಾ ಕೊಸ್ಕೆಲಾ. ನಲವತ್ತು ವರ್ಷ ಹೇಳ್ಲಿಲ್ಲ. ತಪ್ಪಾಯ್ತು. ಸೇತುವೆ ಮೇಲೆ ಹಿಮ ಗಟ್ಟಿಯಾಗಿದೆ, ನಿಧಾನ ಬನ್ನಿ."

ಹೇಳಿದ್ದನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಪರೀಕ್ಷಿಸುವುದು ಅವಳ ಪದ್ಧತಿ. ಯಂತ್ರ ಮಾತಾಡತೊಡಗಿದ ಕೂಡಲೇ ಸಿಲ್ವಿ ಬಂದು ಅದರ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಊರೆಲ್ಲ ಕೇಳಿದ ಆ ಧ್ವನಿ ಅವಳನ್ನು ಮುಟ್ಟಿದ್ದು ಅದೇ ಮೊದಲು. ಕಣ್ಣು ಮುಚ್ಚಿ ನಿಂತಿದ್ದಳು. ಅಂಗೈ ಕೆಳಗೆ ದೋಷ ಹಾದುಹೋಯಿತು, ಗುಣ ಹಾದುಹೋಯಿತು, ಅವಳದೇ ಹೆಸರೂ ಹಾದುಹೋಯಿತು. ಆಮೇಲೆ ಐಲಾ ಸುಮ್ಮನೆ ಕೂತಿದ್ದ ಆ ಜಾಗ ಬಂತು, ಯಂತ್ರ ಮೌನವಾಯಿತು.

ಸಿಲ್ವಿ ಕಣ್ಣು ತೆರೆದಳು. ಐಲಾಳ ಮುಖ ನೋಡಿದಳು. ಕೈ ತೆಗೆದು, ಹಣೆಯ ಮೇಲೆ ದೀಪವಿದ್ದವಳಂತೆ ತಲೆ ನೆಟ್ಟಗೆ ಇಟ್ಟುಕೊಂಡು, ಬರಿಗಾಲಿನಲ್ಲಿ ಒಂದು, ಎರಡು, ಮೂರು ಹೆಜ್ಜೆ ಹಿಂದೆ ಸರಿದಳು.

ಅಲ್ಲಿಯೇ ನಿಂತು ಹಾಡು ಮತ್ತೆ ಶುರುವಾಗುವುದನ್ನು ಕಾದಳು.